ಕಾಶಿಯಿಂದ ಬಾರದ ಕಾಶಿಕಣಗಿಲೆ

ಚಳ್ಳಕೆರೆ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದ ಗಿಡವೊಂದಿದೆ. ಅದೇ ಕಾಶಿಕಣಗಿಲೆ. ನಿತ್ಯಪುಷ್ಪ, ಸದಾಪುಷ್ಪ, ಬಟ್ಟಲು ಹೂ ಎಂದೂ ಕರೆಯುತ್ತಾರೆ. ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂ. ನೀವೂ ನೋಡಿರುತ್ತೀರಿ, ನೋಡಿಯೂ ನೋಡದ ಹಾಗೆ ದಾಟಿರುತ್ತೀರಿ. ನಾನೂ ಹಾಗೇ ಇದ್ದೆ.

ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗ ಅವನಿಗೆ ಆರು ವರ್ಷ. ಬೆಂಗಳೂರಿನಲ್ಲಿ ಅವನ ರಕ್ತನಾಳಕ್ಕೆ ಕೊಡುತ್ತಿದ್ದ ಔಷಧಿಗಳಲ್ಲಿ ಒಂದರ ಹೆಸರು ವಿನ್‌ಕ್ರಿಸ್ಟಿನ್. ಅದು ಕಾಶಿಕಣಗಿಲೆಯಿಂದ ಬಂದದ್ದು ಎಂದು ಯಾರೋ ಹೇಳಿದ್ದೇ ತಡ, ಚಿಕ್ಕಮ್ಮ ಫೋನ್ ಮಾಡಿದರು. "ಪಿಎಚ್.ಡಿ. ಮಾಡ್ತಿದೀಯಲ್ಲ, ನೀನೇ ಹೇಳಪ್ಪ. ಹಿತ್ತಲಾಗೆ ಬೇಕಾದಷ್ಟು ಐತೆ. ಕಷಾಯ ಕಾಸಿ ಕುಡಿಸಿದ್ರೆ ಆಗಲ್ವಾ? ಆ ಸೂಜಿ ಚುಚ್ಚೋದು ನೋಡಕ್ಕಾಗಲ್ಲ."

ನಾನು ಇತಿಹಾಸದ ವಿದ್ಯಾರ್ಥಿ, ಉತ್ತರ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳದೆ ಏನೂ ಕೊಡಬೇಡಿ ಎಂದಷ್ಟೇ ಹೇಳಿ ಹುಡುಕಲು ಕೂತೆ.

ಮೊದಲು ಗೊತ್ತಾದದ್ದು, ಈ ಗಿಡಕ್ಕೂ ಕಾಶಿಗೂ ಸಂಬಂಧವಿಲ್ಲ ಎಂಬುದು. ಇದರ ತವರು ಮಡಗಾಸ್ಕರ್. ಅಲ್ಲಿಂದ ಬೀಜಗಳು ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಹೋದವು. 1757ರಲ್ಲಿ ಫ್ರಾನ್ಸಿನಿಂದ ಲಂಡನ್ನಿನ ಚೆಲ್ಸಿ ತೋಟದ ಫಿಲಿಪ್ ಮಿಲ್ಲರ್ ಕೈ ಸೇರಿದವು. 1759ರಲ್ಲಿ ಲಿನೇಯಸ್ ಇದಕ್ಕೆ ವಿಂಕಾ ರೋಸಿಯಾ ಎಂದು ಹೆಸರಿಟ್ಟ. ಚಳಿ ತಡೆಯದ ಈ ಗಿಡವನ್ನು ಅಲ್ಲಿ ಬೆಚ್ಚಗಿನ ಗಾಜಿನ ಮನೆಯಲ್ಲಿ ಸಾಕಬೇಕಿತ್ತು. ಬಿಸಿಲಿನ ನಾಡುಗಳಲ್ಲಿ ಮಾತ್ರ ಅದು ತೋಟದ ಬೇಲಿ ದಾಟಿ ಊರೂರಿಗೆ ನಡೆಯಿತು. ಬಿಸಿಲು ಸಾಕು, ಮಣ್ಣು ಬಡವಾದರೂ ನಡೆಯುತ್ತದೆ. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಜೋಡಿ ಕಾಯಿ ಒಡೆದು ಕಪ್ಪು ಬೀಜ ತಾನೇ ಉದುರುತ್ತದೆ. ದನ ಬಾಯಿ ಹಾಕುವುದಿಲ್ಲ.

ಹೊರಗಿನಿಂದ ಬಂದದ್ದಕ್ಕೆ ಕನ್ನಡಿಗರು ಸಾಮಾನ್ಯವಾಗಿ 'ಸೀಮೆ' ಸೇರಿಸುತ್ತಾರೆ: ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ. ಇದಕ್ಕೆ ಕಾಶಿ ಸೇರಿತು. ದೂರದ್ದು, ಆದರೆ ನಮ್ಮದೇ ದೂರ. ಜೊತೆಗೆ ಬಂದ 'ಕಣಗಿಲೆ'ಯಂತೂ ಸರಿಯಾದ ಲೆಕ್ಕ: ಸಸ್ಯಶಾಸ್ತ್ರದಲ್ಲಿಯೂ ಎರಡೂ ಒಂದೇ ಕುಟುಂಬದವು. ಹೆಸರಿಟ್ಟವರು ಎಸಳು ತಿರುಚಿಕೊಂಡ ಮೊಗ್ಗನ್ನು ನೋಡಿಯೇ ಇಟ್ಟಿರಬೇಕು.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆನಡಾದಲ್ಲಿ. ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದಿಷ್ಟು ಎಲೆ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್‌ಗೆ ಬಂತು. ಅವರು ಅದನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು. ಇಲಿಗಳಿಗೆ ಎಲೆಯ ಸಾರ ಕುಡಿಸಿದರೆ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕಿನಿಂದ ಸತ್ತವು. ಅವುಗಳ ಬಿಳಿ ರಕ್ತಕಣ ಕುಸಿದಿದ್ದವು. ಸೋತ ಪ್ರಯೋಗವೆಂದು ಬಿಸಾಡದೆ ಅವರು ಬೇರೆ ಪ್ರಶ್ನೆ ಕೇಳಿದರು: ಬಿಳಿಕಣ ಮಿತಿಮೀರಿ ಹೆಚ್ಚುವ ಕಾಯಿಲೆಗೆ ಇದು ಆಗಬಹುದೇ? ರಸಾಯನತಜ್ಞ ಚಾರ್ಲ್ಸ್ ಬೀರ್ ಆ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಲೋಕಕ್ಕೆ ತಿಳಿಯಿತು. ಅಮೆರಿಕದ ಎಲಿ ಲಿಲಿ ಕಂಪನಿಯವರು ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ತೆಗೆದರು. 1963ರಲ್ಲಿ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು.

ಅದನ್ನೇ ಚಿಕ್ಕಮ್ಮನಿಗೆ ಹೇಳಿದೆ. "ನಿಮ್ಮ ಹಿತ್ತಲಿನ ಗಿಡವೆಲ್ಲ ಕಿತ್ತರೂ ಒಂದು ಸೂಜಿಯ ಮದ್ದು ಸಿಗೋದು ಕಷ್ಟ. ಎಲೆಯಲ್ಲಿ ಬೇರೆ ವಿಷಗಳೂ ಇವೆ, ಅಳತೆ ಗೊತ್ತಾಗಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಎಲೆ ಕಳಿಸಿದ ಊರಿನೋರಿಗೆ ಏನು ಕೊಟ್ರಂತೆ?"

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಜೀವಸಂಪತ್ತಿನ ಲಾಭ ಅದರ ನೆಲದವರಿಗೂ ಸಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ರಿಯೊದಲ್ಲಿ ಆದದ್ದು 1992ರಲ್ಲಿ. ಅಷ್ಟರಲ್ಲಿ ವಿನ್‌ಕ್ರಿಸ್ಟಿನ್‌ಗೆ ಮೂವತ್ತು ವರ್ಷ ತುಂಬುತ್ತ ಬಂದಿತ್ತು. ಇಂದಿಗೂ ಈ ಔಷಧಿಗಳ ಕಥೆ ಬಂದಾಗಲೆಲ್ಲ ಮಡಗಾಸ್ಕರಿನ ಹೆಸರು ಬರುವುದು ಅನ್ಯಾಯದ ಉದಾಹರಣೆಯಾಗಿ. ಪ್ರಯೋಗಾಲಯದವರ ಹೆಸರುಗಳು ಉಳಿದಿವೆ, ಉಳಿಯಬೇಕಾದವೇ. ಕಷಾಯ ಕಾಸುತ್ತಿದ್ದ ಜಮೈಕಾದ ಹೆಂಗಸರ ಹೆಸರು ನಾನು ಓದಿದ ಯಾವ ಪುಟದಲ್ಲೂ ಇಲ್ಲ. ಅವರು ಯಾವ ಕಾಯಿಲೆಗೆಂದು ಕುಡಿದರೋ ಅದಕ್ಕೆ ಆ ಇಲಿಗಳಲ್ಲಿ ಫಲ ಕಾಣಲಿಲ್ಲ. ಆದರೂ ಅವರು ಕುಡಿಯದಿದ್ದರೆ ಆ ಎಲೆ ಕೆನಡಾಕ್ಕೆ ಹೋಗುತ್ತಿರಲಿಲ್ಲ.

ತಮ್ಮನಿಗೆ ಈಗ ಹತ್ತು ವರ್ಷ. ಚಿಕಿತ್ಸೆ ಮುಗಿದಿದೆ, ತಪಾಸಣೆ ನಡೆಯುತ್ತಿದೆ. ವಿನ್‌ಕ್ರಿಸ್ಟಿನ್ ಒಂದರಿಂದಲೇ ಅಲ್ಲ, ಹಲವು ಔಷಧಿ ಸೇರಿ ಅವನನ್ನು ಉಳಿಸಿವೆ. ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮ ಪಾತ್ರೆ ತೊಳೆದ ನೀರನ್ನು ಕಾಶಿಕಣಗಿಲೆಯ ಬುಡಕ್ಕೆ ಹೊಯ್ಯುತ್ತಿದ್ದರು. "ಅದಕ್ಕೆ ನೀರು ಬೇಡ, ಚಿಕ್ಕಮ್ಮ, ಹೆಚ್ಚಾದ್ರೆ ಕೊಳೀತದೆ" ಎಂದೆ.

"ಗೊತ್ತು ಬಿಡು," ಎಂದು ಅರ್ಧ ಬಿಂದಿಗೆ ಹೊಯ್ದು, ಉಳಿದರ್ಧವನ್ನು ಕರಿಬೇವಿಗೆ ಹಾಕಿದರು.