3 ಕೋಟಿ 30 ಲಕ್ಷ ರೂಪಾಯಿಯ ಸಂಧಿ
ಶ್ರೀರಂಗಪಟ್ಟಣ, 1792

ನಿಜಾಮ ಮತ್ತು ಮರಾಠರನ್ನು ಜೊತೆಗೂಡಿಸಿಕೊಂಡು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದಾಗ ಟಿಪ್ಪು ಸುಲ್ತಾನ್ ಸಂಧಿಗೆ ಒಪ್ಪಲೇಬೇಕಾಯಿತು. ಷರತ್ತು ಕಠಿಣವಾಗಿತ್ತು: ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಕೂಡಲೇ, ಉಳಿದದ್ದು ಕಂತುಗಳಲ್ಲಿ. ಬಾಕಿ ತೀರುವವರೆಗೆ ಸುಲ್ತಾನನ ಇಬ್ಬರು ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಇಂಗ್ಲಿಷರ ಒತ್ತೆಯಾಳುಗಳು. ಇಬ್ಬರೂ ಇನ್ನೂ ಎಳೆಯ ಹುಡುಗರು.

ಕಾರ್ನ್‌ವಾಲಿಸ್ ಆ ಹುಡುಗರನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ದೃಶ್ಯವನ್ನು ಬ್ರಿಟಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಆ ಅಕ್ಕರೆಯ ಹಿಂದಿದ್ದ ಸಾಲದ ಲೆಕ್ಕ ಮಾತ್ರ ಯಾವ ಚಿತ್ರದಲ್ಲೂ ಕಾಣದು.

ಟಿಪ್ಪು ಬಿಟ್ಟುಕೊಟ್ಟ ಅರ್ಧ ರಾಜ್ಯದಲ್ಲಿ ಮಲಬಾರ್, ಕೊಡಗು, ದಿಂಡಿಗಲ್, ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಮಿಕ್ಕದ್ದನ್ನು ನಿಜಾಮ ಮತ್ತು ಮರಾಠರು ಹಂಚಿಕೊಂಡರು. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ, ಹಣ ಸಂದ ಮೇಲೆ.