ಸೀಗೀ ಹುಣ್ಣಿಮೆಯ ಊಟ-ಉಡುಗೆ

ಆಶ್ವೀಜ ಶುದ್ಧ ಪೌರ್ಣಿಮೆಯನ್ನು ಉತ್ತರ ಕರ್ನಾಟಕದ ಒಕ್ಕಲುಮಕ್ಕಳು ಸೀಗೀ ಹುಣ್ಣಿಮೆಯೆಂದು ಕರೆಯುವರು. ಮಳೆಗಾಲವು ಹಿಂದೆ ಸರಿದು, ಹಿರಣ್ಯಕೇಶೀ-ಘಟಪ್ರಭೆಗಳ ಕೆನ್ನೀರು ತಿಳಿಯಾಗುತ್ತ, ಹುಕ್ಕೇರಿ ಸೀಮೆಯ ಮುಂಗಾರಿ ಪೈರು ಕಾಳುಗಟ್ಟುವ ಕಾಲವಿದು. ಪೈರು ಹೊತ್ತ ಭೂಮಿಯು ಬಸುರಿ. ಆಕೆಯ ಬಯಕೆಯನ್ನು ತೀರಿಸಿ ಉಡಿ ತುಂಬುವುದೇ ಹಬ್ಬದ ತಾತ್ಪರ್ಯ. ಆದುದರಿಂದ ಆ ದಿನದ ಊಟವೂ ಉಡುಗೆಯೂ ಕೇವಲ ಭೋಗಕ್ಕಾಗಿ ಹುಟ್ಟಿದವುಗಳಲ್ಲ. ಅವೆರಡೂ ಒಂದೇ ಸೀಮಂತದ ಅಂಗಗಳು.

ಶರದೃತುವಿನ ಆಹಾರ-ವಸ್ತ್ರಗಳನ್ನು ಕೂಡಿಯೇ ಹೇಳುವ ಪದ್ಧತಿಯು ಪ್ರಾಚೀನವಾದುದು. ಮಳೆಗಾಲದಲ್ಲಿ ಸಂಚಯವಾದ ಪಿತ್ತವು ಶರತ್ತಿನ ಬಿಸಿಲಿಗೆ ಕೆರಳುವುದೆಂದು ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯವು ತಿಳಿಸುತ್ತದೆ. ಸಿಹಿ-ಕಹಿ ರಸಗಳ ಹಗುರಾದ ಅನ್ನ, ಆ ಋತುವಿನ ಹೂಮಾಲೆ, ನಿರ್ಮಲವಾದ ಬಟ್ಟೆ, ಸಂಜೆಯ ಬೆಳದಿಂಗಳು—ಇವನ್ನು ಅದು ಪ್ರಶಸ್ತವೆನ್ನುತ್ತದೆ. ಎಣ್ಣೆಯನ್ನೂ ಮೊಸರನ್ನೂ ವರ್ಜಿಸುತ್ತದೆ. ಹಬ್ಬದ ಬುತ್ತಿಯಲ್ಲಾದರೋ ಮೊಸರನ್ನಕ್ಕೂ ಎಣ್ಣೆಗಾಯಿಗೂ ಸ್ಥಾನವುಂಟು. ವೈದ್ಯನು ಉಣ್ಣುವವನ ದೇಹವನ್ನು ನೋಡಿದನು; ಒಕ್ಕಲಗಿತ್ತಿಯು ಬಸುರಿಯ ಬಯಕೆಯನ್ನು ನೋಡಿದಳು.

ಸಜ್ಜೆಯ ರೊಟ್ಟಿ, ಕಡುಬು, ಹೋಳಿಗೆ, ಪುಂಡಿಪಲ್ಯಗಳ ಬುಟ್ಟಿಯನ್ನು ಹೊತ್ತು, ಇಳಕಲ್ಲ ಸೀರೆಯನ್ನುಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಹೆಣ್ಣುಮಕ್ಕಳು ಹೊಲಕ್ಕೆ ನಡೆಯುವರು. ಆ ಸೀರೆಯ ಸೆರಗಿನಲ್ಲಿ ನೆಯ್ಯುವ ಆಕೃತಿಗಳಲ್ಲಿ ತೋಪುತೆನೆಯೆಂಬುದೊಂದು. ಅದು ಜೋಳದ ತೆನೆಯ ರೂಪ. ಹೀಗೆ ಹೊಲದ ತೆನೆಯ ಬಳಿಗೆ ಸೆರಗಿನ ತೆನೆಯು ಬರುತ್ತದೆ. ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಪೈರಿಗೆ ಸೀರೆ, ಖಣ, ಬಳೆಗಳನ್ನರ್ಪಿಸಿ, ಹೊಲದ ಸುತ್ತಲೂ ಚರಗ ಚೆಲ್ಲಿದ ಬಳಿಕವೇ ಮನೆಯವರ ಊಟ.

ಈ ಆಚಾರವು ಹೊಸತನ್ನು ದೂರವಿಟ್ಟುದಲ್ಲ. ಶೇಂಗಾ, ಮೆಣಸಿನಕಾಯಿಗಳೆರಡೂ ಅಮೇರಿಕಾ ಖಂಡದವು. 16ನೆಯ ಶತಮಾನಕ್ಕಿಂತ ಮೊದಲು ಅವು ಈ ನೆಲಕ್ಕೆ ಬಂದಿರಲಿಲ್ಲ. ಇಂದು ಶೇಂಗಾದ ಹೋಳಿಗೆಯಿಲ್ಲದ ಬುತ್ತಿಯನ್ನು ಈ ಭಾಗದ ಗೃಹಿಣಿಯು ಒಪ್ಪಲಾರಳು.

ಈಗಿನ ಪರೀಕ್ಷೆಯು ಕಬ್ಬಿನದು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು 1977ರಲ್ಲಿ ಮುಗಿಯಿತು. ಕಾಲುವೆಯ ನೀರು, ಸಕ್ಕರೆ ಕಾರಖಾನೆಗಳು—ಇವುಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕಬ್ಬು ಹಬ್ಬಿತು. ಕಬ್ಬಿನ ಸಂಪತ್ತು ಕಾಂಡದಲ್ಲಿರುವುದೇ ಹೊರತು ಕಾಳಿನಲ್ಲಲ್ಲ. ತೆನೆಯಿಲ್ಲದ ಹೊಲಕ್ಕೆ ಸೀಮಂತವೆಲ್ಲಿಯದು ಎಂಬ ಪ್ರಶ್ನೆಯು ಸಹಜವಾದುದೇ. ಆದರೆ ಶೇಂಗಾ ಕೂಡ ತನ್ನ ಫಲವನ್ನು ಮಣ್ಣಿನಲ್ಲಿ ಮುಚ್ಚಿಟ್ಟುಕೊಂಡೇ ಉಡಿ ತುಂಬಿಸಿಕೊಂಡಿತು. ಹೋಳಿಗೆಯ ಬೆಲ್ಲವಂತೂ ಕಬ್ಬಿನದೇ. ಬೆಳೆಯು ಬದಲಾದರೆ ಹಬ್ಬವು ಕೆಡದು. ಭೂತಾಯಿಗೆ ಮೊದಲ ತುತ್ತು, ತಮಗೆ ಆಮೇಲೆ ಎಂಬ ಕ್ರಮವು ತಪ್ಪಿದರೆ ಮಾತ್ರ ಹೋಳಿಗೆಯು ಬರಿಯ ಸಿಹಿಯಾಗುವುದು, ಇಳಕಲ್ಲ ಸೀರೆಯು ಬರಿಯ ಬಟ್ಟೆಯಾಗುವುದು.