ಮೃತರ ಗೃಹಸಾಮಗ್ರಿಗೆ ಬೆಲೆ ಕಟ್ಟಿದ ಬಗೆ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಚರಿತ್ರೆಯೆಂದೊಡನೆ ವಾಚಕರ ಮನಸ್ಸು ಹೊಯ್ಸಳ ದೊರೆಗಳ ವಿಜಯಗಳತ್ತಲೂ, ಅವರು ಕಟ್ಟಿಸಿದ ದೇಗುಲಗಳತ್ತಲೂ ಹರಿಯುವುದು ಸಹಜವೇ ಆಗಿದೆ. 1902ರಲ್ಲಿ ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ಣಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದ ಮೇಲೆ, ಯಾವ ದೊರೆ ಯಾವ ದೇವರಿಗೆ ಎಷ್ಟು ಭೂಮಿ ಬಿಟ್ಟನು, ಯಾವ ಸೆಟ್ಟಿ ನಂದಾದೀವಿಗೆಗೆ ಎಷ್ಟು ಹೊನ್ನಿಟ್ಟನು ಎಂಬುದು ಲೋಕಕ್ಕೆಲ್ಲ ತಿಳಿಯಬಂದಿತು. 1311ರಲ್ಲಿ ಮಲಿಕ್ ಕಾಫರನು ದೋರಸಮುದ್ರದ ಮೇಲೆ ದಂಡೆತ್ತಿ ಬಂದು ಮೂರನೆಯ ಬಲ್ಲಾಳನಿಂದ ಆನೆ, ಕುದುರೆ, ಭಂಡಾರಗಳನ್ನು ಕೊಂಡೊಯ್ದ ಸಂಗತಿಯನ್ನು ದೆಹಲಿಯ ಚರಿತ್ರಕಾರರು ಹೆಮ್ಮೆಯಿಂದ ಬರೆದಿಟ್ಟಿರುವರು. ಗೆದ್ದವನು ಎತ್ತಿಕೊಂಡು ಹೋದ ಸೊತ್ತಿಗೆ ಬರೆಯುವವರಿದ್ದರು. ಆದರೆ ಅದೇ ಪಟ್ಟಣದ ಒಬ್ಬ ಗೃಹಸ್ಥನು ತೀರಿಕೊಂಡಾಗ ಅವನ ಮನೆಯೊಳಗಣ ಹಂಡೆ, ತಪ್ಪಲೆ, ಒರಳು, ಪೆಟ್ಟಿಗೆಗಳು ಯಾರ ಪಾಲಾದವು, ಅವನ ಹೆಂಡತಿಯ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸುವವರು ವಿರಳ. ಆದರೂ ಈ ಪ್ರಶ್ನೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಅದಕ್ಕೆ ಧರ್ಮಶಾಸ್ತ್ರಕಾರರೂ, ಅರಸರೂ, ಗ್ರಾಮದ ಹಿರಿಯರೂ, ಕಡೆಯಲ್ಲಿ ಇಂಗ್ಲಿಷರ ನ್ಯಾಯಸ್ಥಾನಗಳೂ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟಿರುವರು.

ಆದಿಯಲ್ಲಿ ವಾರಸುದಾರರಿಲ್ಲದವನ ಸೊತ್ತಿನ ಮೇಲೆ ಕೈಯಿಡುತ್ತಿದ್ದವನು ಅರಸನೇ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವು ಅಂತಹ ಸೊತ್ತನ್ನು ರಾಜನು ತೆಗೆದುಕೊಳ್ಳಬಹುದೆಂದು ಹೇಳುತ್ತದೆ. ಆದರೆ ಸ್ತ್ರೀಯ ಜೀವನಕ್ಕೆ ಬೇಕಾದುದನ್ನೂ, ಉತ್ತರಕ್ರಿಯೆಗೆ ತಗಲುವುದನ್ನೂ ಬಿಟ್ಟೇ ತೆಗೆದುಕೊಳ್ಳಬೇಕೆಂದು ಕಟ್ಟು ಮಾಡಿದೆ. ಶ್ರೋತ್ರಿಯರ ದ್ರವ್ಯವನ್ನಂತೂ ಮುಟ್ಟಕೂಡದು. ಕಾಳಿದಾಸನ ಶಾಕುಂತಲದಲ್ಲಿ ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗು ಮುಳುಗಿ ಸತ್ತಾಗ, ಮಕ್ಕಳಿಲ್ಲದ ಆತನ ಧನವೆಲ್ಲ ರಾಜನಿಗೆ ಸಲ್ಲತಕ್ಕದ್ದೆಂದು ಅಮಾತ್ಯನು ಬಿನ್ನಹ ಕಳುಹಿಸುವನು. ದುಷ್ಯಂತನು ಅದಕ್ಕೆ ಒಡನೆಯೇ ರುಜು ಹಾಕದೆ, ಆತನ ಪತ್ನಿಯರಲ್ಲಿ ಗರ್ಭಿಣಿಯಾದವಳು ಉಂಟೇ ಎಂದು ವಿಚಾರಿಸುವನು. ನಾಟಕದ ಸನ್ನಿವೇಶವೇ ಆದರೂ, ಲೆಕ್ಕ ಹಾಕುವುದಕ್ಕೆ ಮುಂಚೆ ಹಕ್ಕುದಾರರನ್ನು ಹುಡುಕಬೇಕೆಂಬ ನ್ಯಾಯವು ಅಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ. ಕನ್ನಡ ಶಾಸನಗಳಲ್ಲಿ ‘ಅಪುತ್ರಿಕ’ವೆಂದು ಬರುವ ಮಾತು ಇಂತಹ, ಗಂಡುಮಕ್ಕಳಿಲ್ಲದೆ ಗತಿಸಿದವರ ಸೊತ್ತಿಗೆ ಸಂಬಂಧಪಟ್ಟುದೇ ಆಗಿದೆ.

ಈ ವಿಷಯದಲ್ಲಿ ಕರ್ನಾಟಕವು ಭರತಖಂಡಕ್ಕೆಲ್ಲ ಕೊಟ್ಟ ಕಾಣಿಕೆ ಸಾಮಾನ್ಯವಾದುದಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಕಾಲಕ್ಕೆ ಅವನಿಗೆ ಚಕ್ರವರ್ತಿಯೆನಿಸಿದ್ದವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯ. ಆ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಪಾಲಾಗಿ ಬೇರೆ ನಿಂತ ಗೃಹಸ್ಥನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಸೊತ್ತು ಮೊದಲು ಪತ್ನಿಗೆ, ಅವಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದೆಂದು ಅದರಲ್ಲಿ ಅವನು ನಿರ್ಣಯಿಸಿರುವನು. ಸ್ತ್ರೀಧನವೆಂಬ ಪದಕ್ಕೂ ಆತನು ವಿಶಾಲವಾದ ಅರ್ಥವನ್ನೇ ಹೇಳಿದನು. ಆದರೆ ಅವಿಭಕ್ತ ಕುಟುಂಬದ ಮಾತು ಬೇರೆ. ಅಲ್ಲಿ ಒಬ್ಬ ಸಹೋದರನು ಸತ್ತರೆ ಅವನ ಹಕ್ಕು ಉಳಿದ ಸಹೋದರರಲ್ಲಿಯೇ ಸೇರಿಹೋಗುತ್ತಿತ್ತು; ವಿಧವೆಗೆ ಅನ್ನವಸ್ತ್ರ ಮಾತ್ರ. ಹಾಸನದ ಸೀಮೆಯ ಒಕ್ಕಲು ಮನೆತನಗಳಲ್ಲಿ ಅವಿಭಕ್ತ ಕುಟುಂಬವೇ ವಾಡಿಕೆಯಾಗಿದ್ದಿತಾದ್ದರಿಂದ, ಮನೆಯ ಯಜಮಾನನು ಕಣ್ಮುಚ್ಚಿದ ದಿನ ಅಟ್ಟದ ಮೇಲಿನ ಹಂಡೆಯೊಂದು ಒಟ್ಟು ಕುಟುಂಬದ್ದೋ, ಸೊಸೆಯು ತವರಿನಿಂದ ತಂದದ್ದೋ ಎಂಬುದು ಅಲ್ಪ ವಿಷಯವಾಗಿರಲಿಲ್ಲ. ಅದು ಒಬ್ಬಳ ಬಾಳಿನ ಪ್ರಶ್ನೆಯಾಗಿದ್ದಿತು.

ಇಂತಹ ವಿವಾದಗಳಿಗೆ ಗ್ರಾಮದವರು ಕಂಡುಕೊಂಡಿದ್ದ ಉಪಾಯ ಸರಳವಾದುದು. ಪಟೇಲನೂ ಶಾನುಭೋಗನೂ ಊರಿನ ನಾಲ್ಕು ಮಂದಿ ದೊಡ್ಡವರೂ ಮನೆಗೆ ಬಂದು ಜಗಲಿಯ ಮೇಲೆ ಕುಳಿತುಕೊಳ್ಳುವರು. ಒಳಗಿನಿಂದ ಒಂದೊಂದಾಗಿ ಸಾಮಾನು ಹೊರಗೆ ಬರುವುದು. ಶಾನುಭೋಗನು ತಪಶೀಲಾಗಿ ಪಟ್ಟಿ ಬರೆಯುವನು. ಕಡೆಯಲ್ಲಿ ಪಂಚರು ಅದಕ್ಕೆ ರುಜು ಹಾಕುವರು, ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುವರು. 1961ರ ಶಾಸನದಿಂದ ಆ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದರೂ, ಮಹಜರು, ಪಂಚನಾಮೆ ಎಂಬ ಮಾತುಗಳು ಇಂದಿಗೂ ಉಳಿದುಕೊಂಡಿರುವುದನ್ನು ಕಾಣಬಹುದು.

ಬೆಲೆ ಕಟ್ಟುವುದರಲ್ಲಿಯೂ ಒಂದು ಕ್ರಮವಿದ್ದಿತು. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹಳೆಯ ಲೋಹದ ತೂಕದ ಮೇಲೆ ಬೆಲೆ. ಮಾಡಿದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕದ್ದು, ಅಂತಹ 40 ಸೇರಿಗೆ ಒಂದು ಮಣ. ಬೆಳ್ಳಿಯ ರೂಪಾಯಿ ಒಂದು ತೊಲೆ ಅಥವಾ 180 ಗ್ರೇನು ತೂಗುತ್ತಿದ್ದುದರಿಂದ, ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿಗಳನ್ನೇ ಇಟ್ಟು ಬೆಳ್ಳಿಯ ಸಾಮಾನನ್ನು ತೂಗುವುದು ಸುಲಭವಾಗಿದ್ದಿತು. 1940ರಲ್ಲಿ ಸರ್ಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ ಮೇಲೆ, ಪೆಟ್ಟಿಗೆಯಲ್ಲಿದ್ದ ಹಳೆಯ ನಾಣ್ಯಕ್ಕೂ ಹೊಸ ನಾಣ್ಯಕ್ಕೂ ಒಂದೇ ಬೆಲೆ ಹಾಕುವುದು ಅನ್ಯಾಯವೇ ಸರಿ. ಚಿನ್ನದ ಒಡವೆಗಳನ್ನು ಅಕ್ಕಸಾಲಿಯೋ ಚಿನಿವಾರನೋ ಒರೆಗಲ್ಲಿಗೆ ತೀಡಿ ಬಣ್ಣ ನೋಡುವನು. ಒಳಗೆ ತುಂಬಿದ ಅರಗಿನ ತೂಕವನ್ನು ಕಳೆಯುವನು. ಕೆಂಪು, ಮುತ್ತುಗಳಿದ್ದರೆ ಅವಕ್ಕೆ ಪ್ರತ್ಯೇಕ ಬೆಲೆ ಹೇಳುವನು. ಅರಗು ಕಳೆಯದೆ ತೂಗಿದ ಅಡ್ಡಿಕೆಯಿಂದ ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಅಪೂರ್ವವೇನೂ ಅಲ್ಲ.

ಅರಸೀಕೆರೆಯ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ತೆಂಗಿನ ತೋಟದವರು ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ ಕಾಯುವರು. ಇದಕ್ಕೆ ಒಂದು ವರುಷದ ಹತ್ತಿರ ಹತ್ತಿರ ಹಿಡಿಯುವುದು. ಯಜಮಾನನು ನಡುವೆ ತೀರಿಕೊಂಡರೆ ಅಟ್ಟದ ಮೇಲಿನದು ಕಾಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅದಕ್ಕೆ ಸತ್ತ ದಿನದ ಕಾಯಿನ ಧಾರಣೆಯೋ, ಮುಂದೆ ಸಂತೆಗೆ ಹೋಗುವ ದಿನದ ಕೊಬ್ಬರಿಯ ಧಾರಣೆಯೋ? ಸತ್ತ ದಿನ ಆ ವಸ್ತು ಇದ್ದ ಸ್ಥಿತಿಯಲ್ಲಿ ಯಾರಾದರೂ ಕೊಳ್ಳುವವನು ಎಷ್ಟು ಕೊಟ್ಟಾನು ಎಂಬುದೇ ಸರಿಯಾದ ಬೆಲೆಯೆಂದು ಹೇಳಬೇಕಾಗುತ್ತದೆ. ಆಮೇಲಿನ ಏರಿಕೆಯು ಕಾಯ್ದುಕೊಂಡವರ ಲಾಭ, ಒಡೆದುಹೋದ ಕಾಯಿಯೂ ಅವರದೇ ನಷ್ಟ.

ಪ್ರೊಬೇಟೆಂಬುದು ಇಂಗ್ಲಿಷರ ಕಾಲದಲ್ಲಿ ಬಂದುದು. ಮರಣಶಾಸನವು ನಿಜವಾದುದೆಂದು ನ್ಯಾಯಸ್ಥಾನವು ಒಪ್ಪಿ, ಅದನ್ನು ನಡೆಯಿಸುವವನಿಗೆ ಅಧಿಕಾರಪತ್ರ ಕೊಡುವುದೇ ಅದರ ತಾತ್ಪರ್ಯ. 1865ರ ಉತ್ತರಾಧಿಕಾರ ಶಾಸನ, 1881ರ ಪ್ರೊಬೇಟು ಶಾಸನ ಮುಂತಾದುವೆಲ್ಲ 1925ರ ಭಾರತೀಯ ಉತ್ತರಾಧಿಕಾರ ಶಾಸನದಲ್ಲಿ ಒಟ್ಟುಗೂಡಿದವು. ಅಧಿಕಾರಪತ್ರ ಪಡೆದವನು ಆರು ತಿಂಗಳೊಳಗೆ ಮೃತನ ಸಮಸ್ತ ಸೊತ್ತು, ಬರತಕ್ಕ ಬಾಕಿ, ಕೊಡತಕ್ಕ ಸಾಲಗಳ ಪಟ್ಟಿಯನ್ನು ಅಂದಾಜು ಬೆಲೆಸಹಿತ ಕೋರ್ಟಿಗೆ ಒಪ್ಪಿಸತಕ್ಕದ್ದು; ಒಂದು ವರುಷದೊಳಗೆ ಜಮಾಖರ್ಚಿನ ಲೆಕ್ಕ ಕೊಡತಕ್ಕದ್ದು. ಅರ್ಜಿಯೊಡನೆ ಕೊಡುವ ಬೆಲೆಪಟ್ಟಿಯ ನಮೂನೆಯು 1870ರ ಕೋರ್ಟು ಫೀ ಶಾಸನದಲ್ಲಿ ಬಂದಿತು. ಮನೆಯಲ್ಲಿಯೂ ಬ್ಯಾಂಕಿನಲ್ಲಿಯೂ ಇರುವ ನಗದು, ಗೃಹಸಾಮಗ್ರಿ, ಉಡುವ ಬಟ್ಟೆ, ಪುಸ್ತಕ, ಬೆಳ್ಳಿಯ ಪಾತ್ರೆ, ಒಡವೆ ಇವೆಲ್ಲಕ್ಕೂ ಅದರಲ್ಲಿ ಒಂದೇ ಕಲಮು. ಬಿಟ್ಟವನ ಮನೆಯ ಜೀವನವೆಲ್ಲ ಒಂದು ಸಾಲಿನಲ್ಲಿ ಅಡಗಿಹೋಗುವುದು! ಆದರೆ ಆ ನಮೂನೆಯ ಎರಡನೆಯ ಭಾಗವನ್ನು ಮೆಚ್ಚತಕ್ಕದ್ದಾಗಿದೆ. ಮೃತನ ಸಾಲಗಳು, ಶವಸಂಸ್ಕಾರದ ಖರ್ಚು, ಅಡಮಾನದ ಭಾರ, ಇತರರಿಗಾಗಿ ನಂಬಿಕೆಯ ಮೇಲೆ ಹಿಡಿದಿದ್ದ ಸೊತ್ತು, ಇಷ್ಟನ್ನೂ ಕಳೆದ ಮೇಲೆಯೇ ಫೀ ಗೊತ್ತಾಗತಕ್ಕದ್ದು.

ಬೇಲೂರಿನ ಪಶ್ಚಿಮಕ್ಕೂ ಮಂಜರಾಬಾದಿನ ಕಡೆಗೂ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯ ತೋಟ ಮಾಡಿದ ಯೂರೋಪಿಯನರಿಗೆ ಈ ಕ್ರಮವು ಪರಿಚಿತವಾದುದೇ. ನಮ್ಮ ಹಿಂದೂ ಮನೆತನಗಳಿಗಾದರೋ ಮರಣಶಾಸನಕ್ಕೆ ಪ್ರೊಬೇಟು ಪಡೆಯಲೇಬೇಕೆಂಬ ಕಟ್ಟು ಬಂಗಾಳದ ಸೀಮೆಗೂ, ಮದರಾಸು, ಬೊಂಬಾಯಿ ಪಟ್ಟಣಗಳಿಗೂ ಸಂಬಂಧಿಸಿದುದಾಗಿದ್ದಿತೇ ಹೊರತು ಹಾಸನದ ಹಳ್ಳಿಗಳಿಗಲ್ಲ. ಇಲ್ಲಿ ಬೆಲೆಪಟ್ಟಿಯು ಹೆಚ್ಚಾಗಿ ಪಾಲುಪಾರಿಕತ್ತಿನ ದಾವೆಗಳಲ್ಲಿ ತಲೆಯೆತ್ತುತ್ತಿತ್ತು. ಹೆಸರು ಯಾವುದಾದರೂ ಕೆಲಸ ಒಂದೇ.

ಪಟ್ಟಿ ಬರೆಯುವವರ ಮುಂದೆ ನಿಜವಾದ ಕಷ್ಟ ಬರುತ್ತಿದ್ದುದು ಬೆಲೆಯಲ್ಲಿ ಅಲ್ಲ, ಒಡೆತನದಲ್ಲಿ. ಮೃತನ ಪೆಟ್ಟಿಗೆಯಲ್ಲಿ ಸಿಕ್ಕಿದ ಕಡಗವು ಗಿರವಿಗೆ ಬಂದ ಪರರ ಸೊತ್ತಾಗಿರಬಹುದು. ಹಜಾರದ ದೊಡ್ಡ ಕೊಳಗವು ಮದುವೆಗೆಂದು ಕಡ ತಂದುದಾಗಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ವಿಧವೆಯ ಕೊರಳಲ್ಲಿ ನಿನ್ನೆಯವರೆಗೆ ಇದ್ದ ಒಡವೆಯು ಇಂದು ಮನೆಯ ಒಡವೆಯೆಂದು ಪಟ್ಟಿಗೆ ಸೇರಿಬಿಡುವ ಭಯವಿದ್ದಿತು. ಅವಳು ಆ ದಿನ ಹೊರಗೆ ಬಂದು ಮಾತನಾಡುವ ಸ್ಥಿತಿಯಲ್ಲಿಯೇ ಇರುತ್ತಿರಲಿಲ್ಲ. ಅವಳ ಪರವಾಗಿ ಮಾತನಾಡುತ್ತಿದ್ದುದು ಪಾತ್ರೆಗಳೇ. ಮಗಳಿಗೆ ಕೊಡುವ ಬಿಂದಿಗೆ, ತಪ್ಪಲೆ, ಗಂಗಾಳಗಳ ಅಂಚಿನಲ್ಲಿ ಕೊಟ್ಟವರ ಹೆಸರನ್ನೋ ಪಡೆದವಳ ಹೆಸರನ್ನೋ ಚುಕ್ಕೆ ಚುಕ್ಕೆಯಾಗಿ ಕೊರೆಯಿಸುವ ಪದ್ಧತಿ ಕನ್ನಡ ನಾಡಿನಲ್ಲೆಲ್ಲ ಉಂಟಷ್ಟೆ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿಕೊಂಡುದು ಕೀರ್ತಿಗಾಗಿ. ಬಿಂದಿಗೆಯ ಮೇಲಿನ ಹೆಸರಾದರೋ ಇಂತಹ ದಿನಕ್ಕಾಗಿ. ಆ ನಾಲ್ಕು ಅಕ್ಷರ ಪೂರ್ಣವಾದ ರುಜುವಾತಲ್ಲದಿದ್ದರೂ, ಪಂಚರ ಮುಂದೆ ಅದನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ.

ಶಾಸನವು ಈ ದಿಕ್ಕಿಗೆ ನಿಧಾನವಾಗಿ ತಿರುಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ 1933ರಲ್ಲಿ ಮೈಸೂರು ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯದಲ್ಲಿ ವಿಧವೆಯರ ಹಕ್ಕಿನ ಶಾಸನವಾದುದು 1937ರಲ್ಲಿ. ಅದಕ್ಕಿಂತ ಮೊದಲೇ ಮೈಸೂರು ಈ ಕಾರ್ಯಕ್ಕೆ ಕೈಹಾಕಿದುದು ಸಂಸ್ಥಾನಕ್ಕೆ ಗೌರವ ತರತಕ್ಕ ವಿಷಯ. 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ ಸ್ತ್ರೀಯು ಹೊಂದಿದ ಸೊತ್ತು ಅವಳ ಪೂರ್ಣ ಸ್ವಾಮ್ಯದ್ದಾಯಿತು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಪಾಲಿಗೆ ಅರ್ಹರಾದರು.

ವೀರಶೈವ ಲಿಂಗಾಯತರ ಮನೆಗಳಲ್ಲಿ ಪಟ್ಟಿಗೆ ಎಂದೂ ಸೇರದ ವಸ್ತುವೊಂದಿದೆ. ಅದು ಇಷ್ಟಲಿಂಗ. ಲಿಂಗೈಕ್ಯನಾದವನ ಕೈಯಲ್ಲಿಯೇ ಅದನ್ನಿಟ್ಟು ಸಮಾಧಿ ಮಾಡುವರಾದ್ದರಿಂದ, ಅದು ವಾರಸುದಾರರಿಗೆ ಬರುವಂತಿಲ್ಲ, ಅದಕ್ಕೆ ಬೆಲೆಯೂ ಇಲ್ಲ. ಬೆಳ್ಳಿಯ ಕರಡಿಗೆಯು ಮನೆಯಲ್ಲಿ ಉಳಿದರೆ ಅದನ್ನು ತೂಗಬಹುದು. ಆದರೂ ಅದನ್ನು ಮಾರುವ ಮನಸ್ಸು ಸಾಮಾನ್ಯವಾಗಿ ಯಾರಿಗೂ ಬಾರದು, ಮಗನೋ ಮೊಮ್ಮಗನೋ ಧರಿಸುವನು.

ಮಠಾಧಿಪತಿಗಳು ಲಿಂಗೈಕ್ಯರಾದಾಗ ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಏಳುವುದು. ಪಲ್ಲಕ್ಕಿ, ಬೆಳ್ಳಿಯ ಪಾವುಗೆ, ಓಲೆಗರಿಯ ಕಟ್ಟುಗಳು, ದಾಸೋಹದ ಹಂಡೆಗಳು, ಇವು ಗುರುಗಳ ಸ್ವಂತದ್ದೆ, ಮಠದ್ದೆ? 1921ರಲ್ಲಿ ಪ್ರಿವಿ ಕೌನ್ಸಿಲು ವಿದ್ಯಾವಾರುಥಿ ತೀರ್ಥರ ಮೊಕದ್ದಮೆಯಲ್ಲಿ ಮಠಾಧಿಪತಿಯು ಇಂಗ್ಲಿಷ್ ಕಾನೂನಿನ ಅರ್ಥದ ಟ್ರಸ್ಟಿಯಲ್ಲವೆಂದು ಹೇಳಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆ ಸ್ಥಾನದಲ್ಲಿ ಅಧಿಕಾರವೂ ಸೊತ್ತಿನ ಹಕ್ಕೂ ಕರ್ತವ್ಯವೂ ಒಂದರೊಡನೊಂದು ಹೆಣೆದುಕೊಂಡಿವೆಯೆಂದು ವಿವರಿಸಿತು. ಪೀಠಕ್ಕೆ ಸೇರಿದ ಸೊತ್ತು ಮುಂದಿನ ಪೀಠಾಧಿಪತಿಗೆ ಹೋಗುವುದು. ಪೂರ್ವಾಶ್ರಮದ ಬಂಧುಗಳಿಗೆ ಅದರಲ್ಲಿ ಭಾಗವಿಲ್ಲ. ಆದುದರಿಂದ ಯಾವ ಭಕ್ತನು ಏನನ್ನು, ಯಾರಿಗೆ, ಯಾವ ಉದ್ದೇಶದಿಂದ ಒಪ್ಪಿಸಿದನೆಂಬುದನ್ನು ಕೊಟ್ಟ ದಿನವೇ ಬರೆದಿಡುವ ಮಠಗಳಲ್ಲಿ ಪಟ್ಟಾಧಿಕಾರ ಬದಲಾಗುವ ಕಾಲಕ್ಕೆ ಶಾನುಭೋಗರಿಗೂ ವಕೀಲರಿಗೂ ಹೆಚ್ಚು ಕೆಲಸವಿರುತ್ತಿರಲಿಲ್ಲ. ಬರೆಯದ ಕಡೆಗಳಲ್ಲಿ ದಾಸೋಹದ ಹಂಡೆಯ ಅಂಚನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಅಲ್ಲಿ ಯಾರ ಹೆಸರಿದೆಯೆಂದು ಹುಡುಕಬೇಕಾಗುತ್ತಿತ್ತು.